ಡಾಕರ್‌ನಲ್ಲಿ ಜೆಂಕಿನ್ಸ್: ಕಂಟೇನರ್ ಹೋದರೂ ಕೆಲಸ ಹೋಗದ ಹಾಗೆ ಹಾಕಿಕೊಳ್ಳುವುದು ಹೇಗೆ

ಮೊದಲ ಸಲ ಡಾಕರ್‌ನಲ್ಲಿ (ಪ್ರೋಗ್ರಾಮ್‌ಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಸಾಧನ) ಜೆಂಕಿನ್ಸ್ ಅನ್ನುವ ಬಿಲ್ಡ್ ಸರ್ವರ್ ಹಾಕಿದಾಗ ನನಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಒಂದು ಕಮಾಂಡ್ ಹೊಡೆದೆ, ಬ್ರೌಸರ್ ತೆರೆದೆ, ಬಂದೇಬಿಟ್ಟಿತು. ಮೂರು ತಿಂಗಳು ಆರಾಮಾಗಿ ಓಡಿತು. ಒಂದು ಸಂಜೆ ಹೊಸ ಆವೃತ್ತಿ ಹಾಕೋಣ ಅಂತ ಹಳೆ ಕಂಟೇನರ್ ತೆಗೆದೆ, ಡಿಸ್ಕ್ ತುಂಬಿದೆ ಅಂತ ಬಳಕೆಯಲ್ಲಿಲ್ಲದ ವಾಲ್ಯೂಮ್‌ಗಳನ್ನು (ಕಂಟೇನರ್ ಹೊರಗೆ ಡೇಟಾ ಇಡುವ ಜಾಗಗಳು) ಅಳಿಸುವ ‘ಡಾಕರ್ ವಾಲ್ಯೂಮ್ ಪ್ರೂನ್’ ಕೂಡ ಓಡಿಸಿದೆ, ಹೊಸ ಕಂಟೇನರ್ ಎಬ್ಬಿಸಿದೆ. ತೆರೆಯ ಮೇಲೆ ‘ಅನ್‌ಲಾಕ್ ಜೆಂಕಿನ್ಸ್’ ಅಂತ ಬಂತು. ಮೊದಲಿನಿಂದ ಶುರು ಮಾಡು ಅಂತ ಅದರರ್ಥ. ಇಪ್ಪತ್ತಕ್ಕೂ ಹೆಚ್ಚು ಜಾಬ್, ಅವುಗಳ ಬಿಲ್ಡ್ ಇತಿಹಾಸ, ಕೂಡಿಸಿಟ್ಟಿದ್ದ ಕೀಲಿಗಳು, ಒಂದೂ ಉಳಿದಿರಲಿಲ್ಲ.

ತಪ್ಪು ಎಲ್ಲಾಯಿತು ಅಂತ ಆಮೇಲೆ ಗೊತ್ತಾಯಿತು. ನಾನು ವಾಲ್ಯೂಮ್‌ಗೆ ಹೆಸರು ಕೊಟ್ಟಿರಲಿಲ್ಲ. ಜೆಂಕಿನ್ಸ್ ಇಮೇಜ್ (ಕಂಟೇನರ್ ಹುಟ್ಟುವ ಅಚ್ಚು) ತನ್ನ ಡೇಟಾಗೆ ತಾನೇ ಒಂದು ವಾಲ್ಯೂಮ್ ಕೇಳಿಕೊಳ್ಳುತ್ತದೆ, ನಾವು ಹೆಸರು ಕೊಡದಿದ್ದರೆ ಡಾಕರ್ 64 ಅಕ್ಷರದ ಯಾವುದೋ ಹೆಸರಿಟ್ಟು ಒಂದನ್ನು ಮಾಡಿಕೊಡುತ್ತದೆ. ಕಂಟೇನರ್ ತೆಗೆದ ಮೇಲೆ ಅದಕ್ಕೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ. ಪ್ರೂನ್ ಗುಡಿಸಿ ಹಾಕುವುದೇ ಅಂಥವನ್ನು.

ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಕೇಳುತ್ತಾ ಹೋಗುತ್ತೇನೆ: ಇದು ಬಿಸಾಕಬಹುದಾದ್ದಾ, ಉಳಿಸಿಕೊಳ್ಳಬೇಕಾದ್ದಾ? ಕಂಟೇನರ್ ಬಿಸಾಕಬಹುದಾದ್ದು. ಇಮೇಜ್ ಕೂಡ. ಜೆಂಕಿನ್ಸ್‌ನ ಹೋಮ್ ಫೋಲ್ಡರ್ ಮಾತ್ರ ಉಳಿಸಿಕೊಳ್ಳಲೇಬೇಕಾದ್ದು. ಇದೊಂದು ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ.

ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಶುರು ಮಾಡುವ ಮುಂಚೆ

ಜೆಂಕಿನ್ಸ್ ಗೊತ್ತಿಲ್ಲದವರಿಗೆ ಎರಡೇ ಮಾತು: ಕೋಡ್ ಬದಲಾದಾಗ ಅದನ್ನು ತಾನಾಗೇ ಎತ್ತಿಕೊಂಡು, ಬಿಲ್ಡ್ ಮಾಡಿ, ಟೆಸ್ಟ್ ಓಡಿಸಿ, ಬೇಕಾದ ಕಡೆ ಕಳಿಸುವ ಸರ್ವರ್ ಇದು. ಕೊಹ್ಸುಕೆ ಕವಾಗುಚಿ ಅವರು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದಾಗ 2004ರಲ್ಲಿ ‘ಹಡ್ಸನ್’ ಅಂತ ಶುರು ಮಾಡಿದ್ದು, 2011ರಲ್ಲಿ ಹೆಸರು ಬದಲಾಗಿ ಜೆಂಕಿನ್ಸ್ ಆಯಿತು. ಹಳೆಯದು ಅಂತ ಮೂಗು ಮುರಿಯುವವರು ಇದ್ದಾರೆ. ಆದರೆ ನಮ್ಮದೇ ಯಂತ್ರದಲ್ಲಿ, ನಮ್ಮದೇ ಹತೋಟಿಯಲ್ಲಿ ಇಟ್ಟುಕೊಳ್ಳಬೇಕು ಅನ್ನುವವರಿಗೆ ಇದು ಈಗಲೂ ಗಟ್ಟಿ ಆಯ್ಕೆ.

ಡಾಕರ್ ಇಂಜಿನ್ ಮತ್ತು ಕಂಪೋಸ್ (ಕಂಟೇನರ್‌ಗಳ ವಿವರವನ್ನು ಒಂದು ಕಡತದಲ್ಲಿ ಬರೆದು ಓಡಿಸುವ ಸಾಧನ) ಇರುವ ಒಂದು ಲಿನಕ್ಸ್ ಯಂತ್ರ ಬೇಕು. ಜೆಂಕಿನ್ಸ್‌ನವರು ಕನಿಷ್ಠ 256 ಎಂಬಿ ಮೆಮೊರಿ ಸಾಕು ಅನ್ನುತ್ತಾರೆ, ಅದು ಬರೀ ಎದ್ದು ನಿಲ್ಲುವುದಕ್ಕೆ ಅಷ್ಟೇ. ಸಣ್ಣ ತಂಡಕ್ಕೆ ಅವರೇ ಹೇಳುವ 4 ಜಿಬಿ ಮೆಮೊರಿ, 50 ಜಿಬಿ ಡಿಸ್ಕ್ ಇಟ್ಟುಕೊಳ್ಳಿ. ಡಿಸ್ಕ್ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಬಿಲ್ಡ್ ಇತಿಹಾಸ ಸದ್ದಿಲ್ಲದೆ ಬೆಳೆಯುತ್ತಾ ಹೋಗುತ್ತದೆ.

ಯಾವ ಇಮೇಜ್?

ಡಾಕರ್ ಹಬ್‌ನಲ್ಲಿ ‘ಜೆಂಕಿನ್ಸ್’ ಅಂತ ಹುಡುಕಿದರೆ ಹಲವು ಸಿಗುತ್ತವೆ. ನಿಮಗೆ ಬೇಕಾದ್ದು ‘ಜೆಂಕಿನ್ಸ್ ಸ್ಲ್ಯಾಶ್ ಜೆಂಕಿನ್ಸ್’. ಬರೀ ‘ಜೆಂಕಿನ್ಸ್’ ಅನ್ನುವ ಹಳೆ ಇಮೇಜ್, ‘ಜೆಂಕಿನ್ಸ್‌ಸಿಐ’ ಹೆಸರಿನದು, ಎರಡನ್ನೂ ಕೈಬಿಟ್ಟು ವರ್ಷಗಳಾದವು. ಹಳೆ ಲೇಖನಗಳಲ್ಲಿ ಇನ್ನೂ ಅವೇ ಇರುತ್ತವೆ, ನಕಲು ಮಾಡಬೇಡಿ.

ಟ್ಯಾಗ್ (ಇಮೇಜ್‌ನ ಆವೃತ್ತಿ ಹೇಳುವ ಗುರುತು) ವಿಷಯಕ್ಕೆ ಬಂದರೆ ವಾರವಾರ ಬರುವ ಬಿಡುಗಡೆ ಒಂದು, ಹನ್ನೆರಡು ವಾರಕ್ಕೊಮ್ಮೆ ಹೊಸ ಸಾಲು ಶುರುವಾಗುವ ಎಲ್‌ಟಿಎಸ್ (ಹೆಚ್ಚು ಕಾಲ ತಿದ್ದುಪಡಿ ಸಿಗುವ ಸ್ಥಿರ ಆವೃತ್ತಿ) ಇನ್ನೊಂದು. ಕೆಲಸಕ್ಕೆ ಬಳಸುವುದಾದರೆ ಎಲ್‌ಟಿಎಸ್ ತೆಗೆದುಕೊಳ್ಳಿ. ಅದರಲ್ಲೂ ‘ಎಲ್‌ಟಿಎಸ್’ ಅಂತ ಬರೆದು ಬಿಡುವ ಬದಲು ಆವೃತ್ತಿಯ ಪೂರ್ತಿ ಸಂಖ್ಯೆ, ಜೊತೆಗೆ ಜೆಡಿಕೆ (ಜಾವಾ) ಸಂಖ್ಯೆ ಎರಡನ್ನೂ ಬರೆಯಿರಿ. ಇಲ್ಲದಿದ್ದರೆ ಯಾರೋ ಸುಮ್ನೆ ಇಮೇಜ್ ಎಳೆದ ದಿನ ನಿಮಗೆ ಗೊತ್ತಿಲ್ಲದೆ ಆವೃತ್ತಿ ಬದಲಾಗಿರುತ್ತದೆ. 2024ರ ಅಕ್ಟೋಬರ್‌ನಲ್ಲಿ ಬಂದ 2.479.1ರಿಂದ ಜಾವಾ 11 ನಡೆಯುವುದಿಲ್ಲ, ಆಗ 17 ಅಥವಾ ಅದಕ್ಕಿಂತ ಹೊಸದೇ ಬೇಕಾಯಿತು. ಇದು ಬಿಲ್ಡ್ ಓಡಿಸುವ ಏಜೆಂಟ್ ಯಂತ್ರಗಳಿಗೂ ಅನ್ವಯಿಸುತ್ತದೆ. ಹಾಗಾಗಿ ಈಗ ಹೊಸದಾಗಿ ಹಾಕುವವರು ಜೆಡಿಕೆ 21 ಇರುವ ಟ್ಯಾಗ್‌ನಿಂದಲೇ ಶುರು ಮಾಡಿ.

ವಾಲ್ಯೂಮ್

ಇಲ್ಲಿ ನಿಧಾನವಾಗಿ ಓದಿ. ಮೊದಲು ‘ಡಾಕರ್ ವಾಲ್ಯೂಮ್ ಕ್ರಿಯೇಟ್’ ಅಂತ ಹೊಡೆದು, ಮುಂದೆ ನಿಮ್ಮದೇ ಒಂದು ಹೆಸರು ಕೊಡಿ. ನಾನು ‘ಜೆಂಕಿನ್ಸ್ ಅಂಡರ್‌ಸ್ಕೋರ್ ಹೋಮ್’ ಅಂತ ಇಡುತ್ತೇನೆ. ಕಂಟೇನರ್ ಒಳಗೆ ಇದು ಸೇರಬೇಕಾದ ಜಾಗ ‘ವಾರ್’ ಫೋಲ್ಡರ್ ಒಳಗಿನ, ಇದೇ ಹೆಸರಿನ ಫೋಲ್ಡರ್. ಜಾಬ್‌ಗಳು, ಪ್ಲಗಿನ್‌ಗಳು, ಬಳಕೆದಾರರು, ಗುಟ್ಟಿನ ಕೀಲಿಗಳು, ಎಲ್ಲ ಅಲ್ಲೇ ಕೂತಿರುತ್ತವೆ.

ವಾಲ್ಯೂಮ್ ಬೇಡ, ಯಂತ್ರದ ಮೇಲಿನ ಮಾಮೂಲಿ ಫೋಲ್ಡರ್ ಒಂದನ್ನೇ ಜೋಡಿಸುತ್ತೇನೆ ಅನ್ನುವವರು ಬಹಳ ಜನ. ಕಣ್ಣಿಗೆ ಕಾಣುತ್ತದೆ ಅನ್ನುವ ಧೈರ್ಯ ಅದರಲ್ಲಿದೆ, ನಿಜ. ಆದರೆ ಹಾಗೆ ಮಾಡಿದವರಲ್ಲಿ ಹೆಚ್ಚಿನವರಿಗೆ ಕಂಟೇನರ್ ಎದ್ದ ಕೂಡಲೇ ಬಿದ್ದುಹೋಗುತ್ತದೆ, ಲಾಗ್ ನೋಡಿದರೆ ‘ಕಾಪಿ ರೆಫರೆನ್ಸ್ ಫೈಲ್’ ಅನ್ನುವ ಲಾಗ್ ಕಡತ ಬರೆಯಲು ಆಗಲಿಲ್ಲ, ‘ಪರ್ಮಿಷನ್ ಡಿನೈಡ್’ ಅಂತ ಇರುತ್ತದೆ. ಕಾರಣ ಇಷ್ಟೇ: ಕಂಟೇನರ್ ಒಳಗೆ ಜೆಂಕಿನ್ಸ್ ಓಡುವುದು 1000 ಸಂಖ್ಯೆಯ ಬಳಕೆದಾರನಾಗಿ, ಆದರೆ ಡಾಕರ್ ತಾನೇ ಮಾಡಿದ ಫೋಲ್ಡರ್‌ಗೆ ಒಡೆಯ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ). ‘ಸುಡೋ ಚೋನ್’ ಕೊಟ್ಟು ಆ ಫೋಲ್ಡರ್ ಅನ್ನು 1000ಕ್ಕೆ ಒಪ್ಪಿಸಿದರೆ ಸರಿಹೋಗುತ್ತದೆ. ಇದಕ್ಕೆ ಹೆದರಿ ಕಂಟೇನರನ್ನೇ ರೂಟ್ ಆಗಿ ಓಡಿಸುವುದು, ಅಥವಾ ಫೋಲ್ಡರ್‌ಗೆ 777 (ಎಲ್ಲರಿಗೂ ಪೂರ್ತಿ ಅನುಮತಿ) ಕೊಡುವುದು ಎರಡೂ ಬೇಡ. ನಿಮ್ಮ ಕೀಲಿಗಳೆಲ್ಲ ಇರುವ ಜಾಗ ಅದು.

ಕಂಪೋಸ್ ಕಡತ

ಉದ್ದನೆಯ ‘ಡಾಕರ್ ರನ್’ ಕಮಾಂಡ್ ಆರು ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕೆ ಕಂಪೋಸ್ ಕಡತವೇ ಸರಿ, ಗಿಟ್‌ನಲ್ಲಿ ಇಟ್ಟುಕೊಳ್ಳಬಹುದು. ಒಂದು ಖಾಲಿ ಫೋಲ್ಡರ್‌ನಲ್ಲಿ ‘ಕಂಪೋಸ್ ಡಾಟ್ ಯಾಮಲ್’ ಅನ್ನುವ ಕಡತ ತೆರೆದು, ‘ಸರ್ವೀಸಸ್’ ಕೆಳಗೆ ‘ಜೆಂಕಿನ್ಸ್’ ಅಂತ ಒಂದು ಸರ್ವೀಸ್ ಮಾಡಿ. ಅದರಲ್ಲಿ ಬೇಕಾದ್ದು ಇಷ್ಟು. ‘ಇಮೇಜ್’ ಸಾಲಿನಲ್ಲಿ ಮೇಲೆ ಹೇಳಿದ ಹಾಗೆ ಪೂರ್ತಿ ಟ್ಯಾಗ್. ‘ರೀಸ್ಟಾರ್ಟ್’ ಸಾಲಿನಲ್ಲಿ ‘ಅನ್‌ಲೆಸ್ ಸ್ಟಾಪ್ಡ್’, ಯಂತ್ರ ರೀಬೂಟ್ ಆದರೆ ತಾನಾಗೇ ಏಳಲಿ ಅಂತ. ‘ವಾಲ್ಯೂಮ್ಸ್’ ಸಾಲಿನಲ್ಲಿ ನಿಮ್ಮ ವಾಲ್ಯೂಮ್ ಹೆಸರು, ಕೋಲನ್, ಒಳಗಿನ ದಾರಿ.

‘ಪೋರ್ಟ್ಸ್’ ಸಾಲಿನಲ್ಲಿ 8080ಕ್ಕೆ 8080 ಅಂತ ಬರೆದು ಮುಗಿಸುವವರೇ ಜಾಸ್ತಿ. ಅದರ ಮುಂದೆ 127.0.0.1 ಸೇರಿಸಿ, ಆಗ ಪೋರ್ಟ್ ಆ ಯಂತ್ರದೊಳಗಷ್ಟೇ ತೆರೆಯುತ್ತದೆ. ಇಲ್ಲದಿದ್ದರೆ ಡಾಕರ್ ತೆರೆಯುವ ಪೋರ್ಟ್ ಯುಎಫ್‌ಡಬ್ಲ್ಯೂ ಫೈರ್‌ವಾಲ್ ನಿಯಮಗಳನ್ನು ದಾಟಿ ಹೊರಗೆ ಕಾಣುತ್ತದೆ. ಫೈರ್‌ವಾಲ್ ಹಾಕಿದ್ದೇನಲ್ಲ ಅಂತ ನೆಮ್ಮದಿಯಾಗಿ ಇರುವವರಿಗೆ ಇದು ಗೊತ್ತೇ ಇರುವುದಿಲ್ಲ. ಇನ್ನು 50000 ಪೋರ್ಟ್ ಇದೆಯಲ್ಲ, ಅದು ಏಜೆಂಟ್‌ಗಳು ಟಿಸಿಪಿ ಮೂಲಕ ಬಂದು ಸೇರುವುದಕ್ಕೆ. ವೆಬ್‌ಸಾಕೆಟ್ (ಮಾಮೂಲಿ ವೆಬ್ ಪೋರ್ಟ್‌ನಲ್ಲೇ ನಡೆಯುವ ಸಂಪರ್ಕ) ಬಳಸಿದರೆ ಅದನ್ನು ತೆರೆಯುವ ಅಗತ್ಯವೇ ಇಲ್ಲ, ನಾವು ವೆಬ್‌ಸಾಕೆಟ್ಟೇ ಬಳಸೋಣ.

‘ಎನ್ವಿರಾನ್‌ಮೆಂಟ್’ ಕೆಳಗೆ ‘ಜಾವಾ ಆಪ್ಟ್ಸ್’ ಅನ್ನುವ ಹೆಸರಲ್ಲಿ ಎರಡು ವಿಷಯ ಹೇಳಬಹುದು. ಒಂದು ಟೈಮ್ ಝೋನ್: ಕಂಟೇನರ್ ಯುಟಿಸಿ ಸಮಯದಲ್ಲಿ ಓಡುತ್ತದೆ, ರಾತ್ರಿ ಓಡಲಿ ಅಂತ ಇಟ್ಟ ಜಾಬ್ ಬೆಳಗಾದ ಮೇಲೆ ಓಡಿದರೆ ಇದೇ ಕಾರಣ, ‘ಯೂಸರ್ ಡಾಟ್ ಟೈಮ್‌ಝೋನ್’ ಕೊಟ್ಟು ನಿಮ್ಮದಕ್ಕೆ ಬದಲಿಸಿ. ಇನ್ನೊಂದು ಮೆಮೊರಿ. ಕಂಟೇನರ್‌ಗೆ ನೀವು 2 ಜಿಬಿ ಮಿತಿ ಹಾಕಿದರೆ ಜಾವಾ ಅದರಲ್ಲಿ ಕಾಲು ಭಾಗ, ಅಂದರೆ ಸುಮಾರು 512 ಎಂಬಿಯನ್ನಷ್ಟೇ ಹೀಪ್‌ಗೆ (ಜಾವಾ ತನ್ನ ಕೆಲಸಕ್ಕೆ ಬಳಸುವ ಮೆಮೊರಿ) ತೆಗೆದುಕೊಳ್ಳುತ್ತದೆ. ಜಾಗ ಇದ್ದೂ ಜೆಂಕಿನ್ಸ್ ಏದುಸಿರು ಬಿಡುತ್ತಿರುತ್ತದೆ. ‘ಮ್ಯಾಕ್ಸ್ ರ‍್ಯಾಮ್ ಪರ್ಸೆಂಟೇಜ್’ ಅನ್ನು 50 ಅಥವಾ 60ಕ್ಕೆ ಏರಿಸಿ.

ಕಡತದ ಕೊನೆಯಲ್ಲಿ ಮತ್ತೆ ‘ವಾಲ್ಯೂಮ್ಸ್’ ಬರುತ್ತದೆ. ಅಲ್ಲಿ ವಾಲ್ಯೂಮ್ ಹೆಸರಿನ ಕೆಳಗೆ ‘ಎಕ್ಸ್‌ಟರ್ನಲ್: ಟ್ರೂ’ ಅಂತ ಬರೆಯಿರಿ. ಈ ಒಂದು ಸಾಲಿಗೆ ಎರಡು ಉಪಯೋಗ. ಇದಿಲ್ಲದಿದ್ದರೆ ಕಂಪೋಸ್ ಫೋಲ್ಡರ್‌ನ ಹೆಸರನ್ನು ಮುಂದೆ ಅಂಟಿಸಿ ಬೇರೆಯದೇ ವಾಲ್ಯೂಮ್ ಮಾಡುತ್ತದೆ, ನಿಮ್ಮ ಹಳೆ ಡೇಟಾ ಒಂದು ಕಡೆ, ಖಾಲಿ ಜೆಂಕಿನ್ಸ್ ಇನ್ನೊಂದು ಕಡೆ. ಎರಡನೆಯದು, ಯಾರಾದರೂ ‘ಕಂಪೋಸ್ ಡೌನ್’ ಜೊತೆ ‘ಡ್ಯಾಶ್ ವಿ’ ಸೇರಿಸಿ ಹೊಡೆದರೂ ಎಕ್ಸ್‌ಟರ್ನಲ್ ಅಂತ ಬರೆದ ವಾಲ್ಯೂಮ್ ಅಳಿಯುವುದಿಲ್ಲ. ನನಗೆ ಈ ಸಾಲು ಮೊದಲೇ ಗೊತ್ತಿದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಕಡತ ಉಳಿಸಿ, ‘ಡಾಕರ್ ಕಂಪೋಸ್ ಅಪ್ ಡ್ಯಾಶ್ ಡಿ’ ಕೊಡಿ.

ಮೊದಲ ಲಾಗಿನ್

‘ಡಾಕರ್ ಕಂಪೋಸ್ ಲಾಗ್ಸ್ ಡ್ಯಾಶ್ ಎಫ್’ ಕೊಟ್ಟು ಕಾಯಿರಿ. ನಕ್ಷತ್ರ ಚಿಹ್ನೆಗಳ ಸಾಲುಗಳ ನಡುವೆ 32 ಅಕ್ಷರದ ಪಾಸ್‌ವರ್ಡ್ ಬರುತ್ತದೆ. ಲಾಗ್ ಓಡಿಹೋಗಿದ್ದರೆ ಹೋಮ್ ಫೋಲ್ಡರ್‌ನ ‘ಸೀಕ್ರೆಟ್ಸ್’ ಒಳಗೆ ‘ಇನಿಷಿಯಲ್ ಅಡ್ಮಿನ್ ಪಾಸ್‌ವರ್ಡ್’ ಅನ್ನುವ ಕಡತದಲ್ಲೂ ಅದೇ ಇದೆ, ‘ಡಾಕರ್ ಎಕ್ಸೆಕ್’ ಮತ್ತು ‘ಕ್ಯಾಟ್’ ಸೇರಿಸಿ ಓದಿಕೊಳ್ಳಿ. ಸರ್ವರ್ ದೂರದಲ್ಲಿದ್ದರೆ ಎಸ್‌ಎಸ್‌ಎಚ್ ಟನಲ್ ಹಾಕಿ ನಿಮ್ಮ ಬ್ರೌಸರ್‌ನಲ್ಲಿ 8080 ತೆರೆಯಿರಿ.

ಪಾಸ್‌ವರ್ಡ್ ಕೊಟ್ಟ ಮೇಲೆ ಪ್ಲಗಿನ್ ಕೇಳುತ್ತದೆ. ಮೊದಲ ಸಲದವರು ‘ಸಜೆಸ್ಟೆಡ್’ ಒತ್ತಿ, ಸಾಕು. ಆಮೇಲೆ ಅಡ್ಮಿನ್ ಬಳಕೆದಾರನನ್ನು ಮಾಡುವ ಪುಟ ಬರುತ್ತದೆ, ಅದನ್ನು ಸ್ಕಿಪ್ ಮಾಡಬೇಡಿ. ಕೊನೆಯಲ್ಲಿ ಜೆಂಕಿನ್ಸ್ ಯುಆರ್‌ಎಲ್ ಕೇಳುತ್ತದೆ. ಇಮೇಲ್‌ಗಳಲ್ಲಿ, ಬಿಲ್ಡ್ ಕೊಂಡಿಗಳಲ್ಲಿ ಹೋಗುವುದು ಇದೇ ವಿಳಾಸ, ಹಾಗಾಗಿ ಮುಂದೆ ಬಳಸುವ ನಿಜವಾದ ವಿಳಾಸ ಗೊತ್ತಾದ ಮೇಲೆ ‘ಮ್ಯಾನೇಜ್ ಜೆಂಕಿನ್ಸ್’ಗೆ ಹೋಗಿ ಸರಿಪಡಿಸಿ.

ಬೀಗ ಹಾಕುವುದು

2024ರ ಜನವರಿಯಲ್ಲಿ ಜೆಂಕಿನ್ಸ್‌ನ ಕಮಾಂಡ್ ಲೈನ್ ಭಾಗದಲ್ಲಿ ದೊಡ್ಡ ತೂತೊಂದು ಹೊರಬಂತು. ಸರ್ವರ್‌ನಲ್ಲಿರುವ ಕಡತಗಳನ್ನು ಹೊರಗಿನವರು ಲಾಗಿನ್ ಇಲ್ಲದೆಯೇ ಸ್ವಲ್ಪ ಸ್ವಲ್ಪ ಓದಬಹುದಿತ್ತು. ಎಲ್‌ಟಿಎಸ್‌ನಲ್ಲಿ 2.426.3ರಲ್ಲಿ ಅದನ್ನು ಮುಚ್ಚಿದರು. ನೇರವಾಗಿ ಇಂಟರ್‌ನೆಟ್‌ಗೆ ತೆರೆದಿಟ್ಟಿದ್ದವರು ಅವಸರದಲ್ಲಿ ಓಡಾಡಬೇಕಾಯಿತು. ಜೆಂಕಿನ್ಸ್ ಹತ್ತಿರ ನಿಮ್ಮ ಕೋಡ್ ಇದೆ, ಸರ್ವರ್‌ಗಳ ಕೀಲಿ ಇದೆ, ಕೋಡ್ ಓಡಿಸುವ ಶಕ್ತಿಯೂ ಇದೆ. ಇದನ್ನು ಬೀದಿಗೆ ಬಾಗಿಲು ತೆರೆದು ಇಡುವ ವಸ್ತು ಅಂತ ಅಂದುಕೊಳ್ಳಲೇಬಾರದು. ವಿಪಿಎನ್ ಒಳಗಿಡಿ. ಆಗದಿದ್ದರೆ ಎನ್‌ಜಿನ್ಎಕ್ಸ್ ಅಥವಾ ಕ್ಯಾಡಿ ಅನ್ನುವ ಪ್ರಾಕ್ಸಿ ಸರ್ವರ್ ಮುಂದಿಟ್ಟು ಎಚ್‌ಟಿಟಿಪಿಎಸ್ ಮೂಲಕವಷ್ಟೇ ಒಳಗೆ ಬಿಡಿ. ಪ್ರಾಕ್ಸಿ ಇಟ್ಟ ಮೇಲೆ ‘ರಿವರ್ಸ್ ಪ್ರಾಕ್ಸಿ ಸೆಟಪ್ ಈಸ್ ಬ್ರೋಕನ್’ ಅಂತ ಎಚ್ಚರಿಕೆ ಕಂಡರೆ ಮೊದಲು ನೋಡಬೇಕಾದ್ದು ಜೆಂಕಿನ್ಸ್ ಯುಆರ್‌ಎಲ್ ಮತ್ತು ಪ್ರಾಕ್ಸಿ ಕಳಿಸುವ ಹೆಡರ್‌ಗಳು ಒಂದಕ್ಕೊಂದು ಹೊಂದುತ್ತವಾ ಅಂತ.

ಇನ್ನೊಂದು ಬೀಗ ಒಳಗಡೆಯದು. ಜೆಂಕಿನ್ಸ್ ಬರುವಾಗಲೇ ತನ್ನ ಮೇಲೆಯೇ ಎರಡು ಎಕ್ಸಿಕ್ಯೂಟರ್ ಇಟ್ಟುಕೊಂಡು ಬರುತ್ತದೆ. ಅಂದರೆ ಬಿಲ್ಡ್‌ಗಳು ಹೋಮ್ ಫೋಲ್ಡರ್ ಇರುವ ಅದೇ ಕಂಟೇನರ್‌ನಲ್ಲಿ, ಅದೇ ಬಳಕೆದಾರನಾಗಿ ಓಡುತ್ತವೆ. ಒಂದು ಬಿಲ್ಡ್ ಸ್ಕ್ರಿಪ್ಟ್ ಮನಸ್ಸು ಮಾಡಿದರೆ ಕೀಲಿಗಳನ್ನು ಓದಬಹುದು. ‘ನೋಡ್ಸ್’ ಪುಟದಲ್ಲಿ ‘ಬಿಲ್ಟ್ ಇನ್ ನೋಡ್’ ಆರಿಸಿ, ಎಕ್ಸಿಕ್ಯೂಟರ್ ಸಂಖ್ಯೆಯನ್ನು 0 ಮಾಡಿ.

ಹಾಗಾದರೆ ಬಿಲ್ಡ್ ಎಲ್ಲಿ ಓಡಬೇಕು?

ಏಜೆಂಟ್‌ನಲ್ಲಿ. ‘ನ್ಯೂ ನೋಡ್’ ಒತ್ತಿ, ಹೆಸರು ಕೊಡಿ, ರಿಮೋಟ್ ಫೋಲ್ಡರ್ ಜಾಗದಲ್ಲಿ ‘ಹೋಮ್’ ಕೆಳಗಿನ ‘ಜೆಂಕಿನ್ಸ್’ ಕೆಳಗಿನ ‘ಏಜೆಂಟ್’ ದಾರಿ ಬರೆಯಿರಿ. ಲೇಬಲ್ ಕೂಡ ಒಂದು ಕೊಡಿ. ಲಾಂಚ್ ಮಾಡುವ ರೀತಿಯಲ್ಲಿ ಏಜೆಂಟ್ ತಾನೇ ಬಂದು ಕಂಟ್ರೋಲರ್‌ಗೆ, ಅಂದರೆ ಮುಖ್ಯ ಜೆಂಕಿನ್ಸ್‌ಗೆ, ಸೇರುವ ಆಯ್ಕೆ ತೆಗೆದುಕೊಂಡು, ವೆಬ್‌ಸಾಕೆಟ್ ಮುಂದೆ ಟಿಕ್ ಹಾಕಿ. ಉಳಿಸಿದ ಮೇಲೆ ಆ ನೋಡ್‌ನ ಪುಟದಲ್ಲಿ ಒಂದು ಉದ್ದನೆಯ ಸೀಕ್ರೆಟ್ ಸಿಗುತ್ತದೆ.

ಈಗ ಕಂಪೋಸ್ ಕಡತದಲ್ಲಿ ಎರಡನೇ ಸರ್ವೀಸ್ ಸೇರಿಸಿ. ಇಮೇಜ್ ‘ಜೆಂಕಿನ್ಸ್ ಸ್ಲ್ಯಾಶ್ ಇನ್‌ಬೌಂಡ್ ಏಜೆಂಟ್’. ಅದಕ್ಕೆ ನಾಲ್ಕು ಎನ್ವಿರಾನ್‌ಮೆಂಟ್ ಹೆಸರು ಬೇಕು, ನಾಲ್ಕೂ ದೊಡ್ಡ ಅಕ್ಷರದಲ್ಲಿ, ನಾಲ್ಕೂ ‘ಜೆಂಕಿನ್ಸ್’ನಿಂದ ಶುರುವಾಗಿ ಅಂಡರ್‌ಸ್ಕೋರ್‌ನಿಂದ ಜೋಡಿಸಿದ್ದು: ಯುಆರ್‌ಎಲ್, ಸೀಕ್ರೆಟ್, ಏಜೆಂಟ್ ನೇಮ್, ಮತ್ತು ವೆಬ್ ಸಾಕೆಟ್ ಅನ್ನುವುದಕ್ಕೆ ‘ಟ್ರೂ’. ಯುಆರ್‌ಎಲ್ ಜಾಗದಲ್ಲಿ ಲೋಕಲ್‌ಹೋಸ್ಟ್ ಬರೆದು ಒದ್ದಾಡಬೇಡಿ, ಏಜೆಂಟ್ ಕಂಟೇನರ್‌ಗೆ ಲೋಕಲ್‌ಹೋಸ್ಟ್ ಅಂದರೆ ಅದೇ ತಾನು. ಒಂದೇ ಕಂಪೋಸ್ ಕಡತದಲ್ಲಿರುವ ಕಂಟೇನರ್‌ಗಳು ಒಂದನ್ನೊಂದು ಸರ್ವೀಸ್ ಹೆಸರಿನಿಂದ ಗುರುತಿಸುತ್ತವೆ, ಹಾಗಾಗಿ ‘ಜೆಂಕಿನ್ಸ್’, ಪೋರ್ಟ್ 8080 ಅಂತ ಬರೆದರೆ ಸಾಕು. ಸೀಕ್ರೆಟ್ಟನ್ನು ಕಂಪೋಸ್ ಕಡತದಲ್ಲೇ ಬರೆದು ಗಿಟ್‌ಗೆ ತಳ್ಳಬೇಡಿ, ಬೇರೆ ಎನ್ವ್ ಕಡತದಲ್ಲಿಟ್ಟು ಅದನ್ನು ಗಿಟ್‌ನಿಂದ ಹೊರಗಿಡಿ.

ಈ ಏಜೆಂಟ್ ಇಮೇಜ್‌ನಲ್ಲಿ ಜಾವಾ, ಗಿಟ್ ಇರುತ್ತದೆ, ನೋಡ್ ಜೆಎಸ್ಸೋ ಪೈಥಾನೋ ನಿಮಗೆ ಬೇಕಾದ್ದನ್ನು ಅದರ ಮೇಲೆ ಸೇರಿಸಿ ನಿಮ್ಮದೇ ಇಮೇಜ್ ಕಟ್ಟಿಕೊಳ್ಳಬೇಕು. ಏಜೆಂಟ್ ಪೂರ್ತಿಯಾಗಿ ಬಿಸಾಕಬಹುದಾದ್ದು. ಕೆಟ್ಟರೆ ಅಳಿಸಿ ಹೊಸದು ಎಬ್ಬಿಸಿದರಾಯಿತು.

ಬಿಲ್ಡ್ ಒಳಗೆ ಡಾಕರ್ ಇಮೇಜ್ ಕಟ್ಟಬೇಕು ಅಂದಾಗ ‘ಡಾಕರ್: ನಾಟ್ ಫೌಂಡ್’ ಬರುತ್ತದೆ, ಯಾಕಂದರೆ ಈ ಇಮೇಜ್‌ಗಳಲ್ಲಿ ಡಾಕರ್ ಕಮಾಂಡ್ ಇರುವುದಿಲ್ಲ. ಎಲ್ಲರೂ ಹೇಳುವ ಉಪಾಯ ಹೋಸ್ಟ್‌ನ (ಕಂಟೇನರ್‌ಗಳು ಓಡುವ ಯಂತ್ರದ) ಡಾಕರ್ ಸಾಕೆಟ್ ಕಡತವನ್ನು, ಅಂದರೆ ಡಾಕರ್‌ಗೆ ಆಜ್ಞೆ ಕೊಡುವ ದಾರಿಯನ್ನು, ಒಳಗೆ ಜೋಡಿಸುವುದು. ಕೆಲಸ ಆಗುತ್ತದೆ. ಆದರೆ ಆ ಸಾಕೆಟ್ ಸಿಕ್ಕವನಿಗೆ ಹೋಸ್ಟ್ ಯಂತ್ರದ ರೂಟ್ ಸಿಕ್ಕ ಹಾಗೆಯೇ. ಡಾಕರ್ ಒಳಗೆ ಡಾಕರ್ ಓಡಿಸುವ ಇನ್ನೊಂದು ದಾರಿಗೂ ‘ಪ್ರಿವಿಲೆಜ್ಡ್’ ಬೇಕು, ಅದೂ ಕಡಿಮೆಯದೇನಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇಮೇಜ್ ಕಟ್ಟುವ ಏಜೆಂಟನ್ನು ಬೇರೆಯದೇ ಒಂದು ಸಣ್ಣ ಯಂತ್ರದಲ್ಲಿ ಇಡಿ. ಕಂಟ್ರೋಲರ್ ಇರುವ ಯಂತ್ರದ ಸಾಕೆಟ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ.

ಒಂದು ಪೈಪ್‌ಲೈನ್ ಓಡಿಸಿ ನೋಡಿ

ಪೈಪ್‌ಲೈನ್ ಅಂದರೆ ಬಿಲ್ಡ್‌ನ ಹೆಜ್ಜೆಗಳ ಪಟ್ಟಿ. ಅದಕ್ಕೆ ಗಿಟ್ ರೆಪೊಸಿಟರಿಯಲ್ಲಿ ‘ಜೆಂಕಿನ್ಸ್‌ಫೈಲ್’ ಅನ್ನುವ ಕಡತ ಇಡಿ. ‘ಪೈಪ್‌ಲೈನ್’ ಬ್ಲಾಕ್, ಅದರೊಳಗೆ ‘ಏಜೆಂಟ್’ ಸಾಲಿನಲ್ಲಿ ನಿಮ್ಮ ಲೇಬಲ್, ‘ಸ್ಟೇಜಸ್’ ಒಳಗೆ ಒಂದೇ ಸ್ಟೇಜ್, ಅದರಲ್ಲಿ ಒಂದು ‘ಎಕೋ’. ಇಷ್ಟರಲ್ಲಿ ಹಸಿರು ಗುರುತು ಬಂದರೆ ತಳಪಾಯ ಗಟ್ಟಿ ಅಂತ ಅರ್ಥ. ಜಾಬನ್ನು ವೆಬ್ ಪುಟದ ಡಬ್ಬಿಯಲ್ಲಿ ಬರೆಯದೆ ರೆಪೊಸಿಟರಿಯಲ್ಲಿ ಇಟ್ಟರೆ, ಜೆಂಕಿನ್ಸ್ ಹೋದರೂ ಪೈಪ್‌ಲೈನ್ ನಿಮ್ಮ ಹತ್ತಿರವೇ ಇರುತ್ತದೆ.

ಮೊದಲ ದಿನವೇ ‘ಆಪ್ಷನ್ಸ್’ ಬ್ಲಾಕ್‌ನಲ್ಲಿ ಎರಡು ಸಾಲು ಸೇರಿಸಿ: ‘ಟೈಮ್‌ಔಟ್’ ಒಂದು, ‘ಬಿಲ್ಡ್ ಡಿಸ್ಕಾರ್ಡರ್’ ಇನ್ನೊಂದು. ಕೊನೆಯ 20 ಬಿಲ್ಡ್ ಉಳಿಸಿಕೊಂಡು ಮಿಕ್ಕಿದ್ದು ಬಿಡಲಿ. ಡಿಸ್ಕ್ ತುಂಬಿದ್ದಕ್ಕೇ ಅಲ್ವಾ ನಾನು ಪ್ರೂನ್ ಓಡಿಸಿದ್ದು. ಸಮಯಕ್ಕೆ ಓಡುವ ಜಾಬ್ ಇದ್ದರೆ ಕ್ರಾನ್ ಸಾಲಿನ ಮೊದಲ ಜಾಗದಲ್ಲಿ 0 ಬದಲು ದೊಡ್ಡ ‘ಎಚ್’ ಬರೆಯಿರಿ, ಜೆಂಕಿನ್ಸ್ ಪ್ರತಿ ಜಾಬ್‌ಗೂ ಬೇರೆ ಬೇರೆ ನಿಮಿಷ ಆರಿಸಿಕೊಳ್ಳುತ್ತದೆ, ಎಲ್ಲವೂ ಗಂಟೆ ಹೊಡೆದ ಕೂಡಲೇ ಒಟ್ಟಿಗೆ ಮುಗಿಬೀಳುವುದು ತಪ್ಪುತ್ತದೆ.

ಪ್ಲಗಿನ್, ಸೆಟ್ಟಿಂಗ್ ಎರಡನ್ನೂ ಕಡತಕ್ಕೆ ಇಳಿಸುವುದು

ಇದು ತಕ್ಷಣ ಬೇಕಾಗಿಲ್ಲ, ತಿಂಗಳಾದ ಮೇಲೆ ಮಾಡಿದರೂ ನಡೆಯುತ್ತದೆ. ಪ್ಲಗಿನ್ ಹೆಸರುಗಳನ್ನು ಆವೃತ್ತಿ ಸಮೇತ ಒಂದು ಪಠ್ಯ ಕಡತದಲ್ಲಿ ಬರೆದು, ಜೆಂಕಿನ್ಸ್ ಇಮೇಜ್ ಮೇಲೆ ಮೂರು ಸಾಲಿನ ಡಾಕರ್‌ಫೈಲ್ ಕಟ್ಟಬಹುದು: ಯಾವ ಇಮೇಜ್‌ನಿಂದ, ಆ ಕಡತದ ನಕಲು, ‘ಜೆಂಕಿನ್ಸ್ ಪ್ಲಗಿನ್ ಸಿಎಲ್‌ಐ’ ಓಡಿಸುವುದು. ಸೆಟ್ಟಿಂಗ್‌ಗಳಿಗೆ ‘ಕಾನ್ಫಿಗರೇಷನ್ ಆ್ಯಸ್ ಕೋಡ್’ ಅನ್ನುವ ಪ್ಲಗಿನ್ ಇದೆ, ಬಳಕೆದಾರರು, ನೋಡ್‌ಗಳು, ಜೆಂಕಿನ್ಸ್ ಯುಆರ್‌ಎಲ್ ಎಲ್ಲವನ್ನೂ ಒಂದು ಯಾಮಲ್ ಕಡತದಲ್ಲಿ ಇಡಬಹುದು. ಇಲ್ಲೊಂದು ಅಪಾಯ ಇದೆ. ಸೆಟಪ್ ವಿಝಾರ್ಡ್ ಬೇಡ ಅಂತ ಆಫ್ ಮಾಡುವ ಸಾಲು ಎಲ್ಲ ಕಡೆ ಸಿಗುತ್ತದೆ. ಯಾಮಲ್‌ನಲ್ಲಿ ಲಾಗಿನ್ ವ್ಯವಸ್ಥೆ ಬರೆಯದೆ ಅದನ್ನು ಆಫ್ ಮಾಡಿದರೆ ಪಾಸ್‌ವರ್ಡೇ ಇಲ್ಲದ ಜೆಂಕಿನ್ಸ್ ಎದ್ದು ನಿಲ್ಲುತ್ತದೆ. ಮೊದಲು ಬೀಗ, ಆಮೇಲೆ ವಿಝಾರ್ಡ್ ಆಫ್.

ಬ್ಯಾಕಪ್ ಮತ್ತು ಹೊಸ ಆವೃತ್ತಿ

ಹೊಸ ಆವೃತ್ತಿ ಹಾಕುವಾಗ ಕ್ರಮ ಹೀಗಿರಲಿ. ಎಲ್‌ಟಿಎಸ್ ಅಪ್‌ಗ್ರೇಡ್ ಮಾರ್ಗದರ್ಶಿಯ ಪುಟ ಓದಿ. ‘ಪ್ರಿಪೇರ್ ಫಾರ್ ಶಟ್‌ಡೌನ್’ ಒತ್ತಿ, ಓಡುತ್ತಿರುವ ಬಿಲ್ಡ್ ಮುಗಿಯಲಿ. ಇದನ್ನು ಬಿಟ್ಟು ನೇರ ನಿಲ್ಲಿಸಿದರೆ ಡಾಕರ್ ಹತ್ತು ಸೆಕೆಂಡ್ ಕಾದು ಕತ್ತು ಹಿಸುಕುತ್ತದೆ. ಕಂಟೇನರ್ ನಿಲ್ಲಿಸಿ. ಬ್ಯಾಕಪ್ ತೆಗೆಯಿರಿ. ಕಂಪೋಸ್ ಕಡತದಲ್ಲಿ ಟ್ಯಾಗ್ ಬದಲಿಸಿ ಮತ್ತೆ ‘ಅಪ್’ ಕೊಡಿ. ಕಂಟೇನರ್ ಹೊಸದು, ವಾಲ್ಯೂಮ್ ಹಳೆಯದೇ.

ಬ್ಯಾಕಪ್‌ಗೆ ವಿಶೇಷ ಸಾಧನ ಬೇಡ. ಆಲ್ಪೈನ್ ಇಮೇಜ್‌ನ ತಾತ್ಕಾಲಿಕ ಕಂಟೇನರ್ ಒಂದಕ್ಕೆ ವಾಲ್ಯೂಮನ್ನು ಓದಲು ಮಾತ್ರ ಅಂತ ಜೋಡಿಸಿ, ಇನ್ನೊಂದು ಕಡೆ ಹೋಸ್ಟ್‌ನ ಫೋಲ್ಡರ್ ಜೋಡಿಸಿ, ‘ಟಾರ್’ ಹೊಡೆಯಿರಿ. ವರ್ಕ್‌ಸ್ಪೇಸ್ ಫೋಲ್ಡರ್ ಬಿಟ್ಟುಬಿಡಿ, ಅದು ಮತ್ತೆ ಹುಟ್ಟುತ್ತದೆ. ‘ಸೀಕ್ರೆಟ್ಸ್’ ಒಳಗಿನ ‘ಮಾಸ್ಟರ್ ಡಾಟ್ ಕೀ’ ಕಡತವನ್ನು ಮಾತ್ರ ಉಳಿದ ಬ್ಯಾಕಪ್ ಜೊತೆ ಇಡದೆ ಬೇರೆ ಭದ್ರ ಜಾಗದಲ್ಲಿ ಇಡಿ. ಎರಡೂ ಒಂದೇ ಕಡೆ ಸಿಕ್ಕರೆ ನಿಮ್ಮ ಪಾಸ್‌ವರ್ಡ್‌ಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಆ ಕಡತ ಕಳೆದುಹೋದರೆ ನೀವೂ ಅವನ್ನು ಬಿಚ್ಚಲು ಆಗುವುದಿಲ್ಲ.

ಬ್ಯಾಕಪ್ ಸರಿ ಇದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಹೊಸ ವಾಲ್ಯೂಮ್ ಮಾಡಿ, ಟಾರ್ ಬಿಚ್ಚಿ, ಮಾಸ್ಟರ್ ಕೀ ಅದರ ಜಾಗದಲ್ಲಿಟ್ಟು, ಫೋಲ್ಡರ್‌ಗೆ 1000 ಒಡೆಯ ಅಂತ ಖಚಿತ ಮಾಡಿಕೊಂಡು ಅದರ ಮೇಲೆ ಜೆಂಕಿನ್ಸ್ ಎಬ್ಬಿಸಿ. ಎಬ್ಬಿಸುವಾಗ ನೆಟ್‌ವರ್ಕ್ ಜಾಗದಲ್ಲಿ ‘ನನ್’ ಅಂತ ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಈ ನಕಲು ಜೆಂಕಿನ್ಸ್ ನಿಜವಾದ ಏಜೆಂಟ್‌ಗಳನ್ನು ಹುಡುಕಿ, ಸಮಯಕ್ಕೆ ಸರಿಯಾಗಿ ನಿಜವಾದ ಜಾಬ್‌ಗಳನ್ನೇ ಓಡಿಸಲು ಹೊರಡಬಹುದು. ಲಾಗ್‌ನಲ್ಲಿ ‘ಜೆಂಕಿನ್ಸ್ ಈಸ್ ಫುಲಿ ಅಪ್ ಆ್ಯಂಡ್ ರನ್ನಿಂಗ್’ ಅನ್ನುವ ಸಾಲು ಬರಲಿ, ಆಮೇಲೆ ‘ಡಾಕರ್ ಎಕ್ಸೆಕ್’ ಮೂಲಕ ‘ಜಾಬ್ಸ್’ ಫೋಲ್ಡರ್ ತೆರೆದು ಎಷ್ಟು ಜಾಬ್ ಇವೆ ಅಂತ ಎಣಿಸಿ. ನಿಜವಾದ ಸರ್ವರ್‌ನ ಎಣಿಕೆಗೆ ಹೊಂದಿದರೆ ಆ ಕಂಟೇನರ್, ಆ ವಾಲ್ಯೂಮ್ ಎರಡನ್ನೂ ಅಳಿಸಿ. ಅಳಿಸುವ ಮುಂಚೆ ವಾಲ್ಯೂಮ್‌ನ ಹೆಸರನ್ನು ಎರಡು ಸಲ ಓದಿ.